ಬಳ್ಳಾರಿ ಗಣಿ ನಿಲ್ಲಿಸಿದ್ದು ಯಾರು? ಚಳವಳಿ, ಶಾಸಕರು ಮತ್ತು ಒಂದು ಜಿಲ್ಲೆಯ ಪ್ರಕರಣ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಲು ಹೇಳಿತು. ಹೊಸಪೇಟೆ, ಸಂಡೂರು ರಸ್ತೆಯಲ್ಲಿ ಹಗಲೂ ರಾತ್ರಿ ಸಾಲುಗಟ್ಟಿ ನಿಲ್ಲುತ್ತಿದ್ದ ಮಣ್ಣಿನ ಲಾರಿಗಳು ಕಾಣೆಯಾದವು. ಆದರೆ ನಿಲ್ಲಿಸಿದ್ದು ಯಾರು ಅಂತ ಕೇಳಿ ನೋಡಿ, ನಮ್ಮ ಕಡೆ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಂಗ್ರೆಸ್ಸಿನವರು ಪಾದಯಾತ್ರೆ ಅಂತಾರೆ. ಪೇಪರ್ ಓದುವವರು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಂತಾರೆ. ಹೋರಾಟದಲ್ಲಿ ಓಡಾಡಿದವರು ಎಸ್.ಆರ್. ಹಿರೇಮಠರ ಹೆಸರು ಹೇಳುತ್ತಾರೆ. ಲಾರಿ ಇಟ್ಟುಕೊಂಡು ಕೈ ಸುಟ್ಟುಕೊಂಡವರಿಗೆ ಮಾತ್ರ ಈ ಚರ್ಚೆಯೇ ಬೇಡ, ‘ಕೋರ್ಟ್ ನಿಲ್ಲಿಸಿತು, ನಾವು ಮುಳುಗಿದ್ವಿ’ ಅಂದು ಮಾತು ಮುಗಿಸುತ್ತಾರೆ.

ಸಮಾಜ ಬದಲಾಗುವುದು ಬೀದಿಗಿಳಿದ ಜನರಿಂದಲೋ, ಓಟು ಪಡೆದು ಗೆದ್ದವರಿಂದಲೋ ಅನ್ನುವ ಚರ್ಚೆ ಬಂದಾಗ ನಾವು ಸುಮ್ನೆ ಗಾಂಧಿ, ಅಂಬೇಡ್ಕರ್ ಅಂತ ದೂರ ಹೋಗುತ್ತೇವೆ. ಬಳ್ಳಾರಿಯಂಥ ಪ್ರಕರಣ ಕಣ್ಣೆದುರೇ ಇದೆ. ಇದರಲ್ಲಿ ಚಳವಳಿಯೂ ಇದೆ, ಶಾಸಕರೂ ಇದ್ದಾರೆ, ಅಧಿಕಾರಿಗಳು, ಕೋರ್ಟು ಎಲ್ಲಾ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಣಿ ನಿಂತದ್ದು ಚಳವಳಿಯಿಂದಲೇ. ಆದರೆ ಆ ಚಳವಳಿ ಗಣಿ ಊರುಗಳ ಒಳಗಿಂದ ಎದ್ದು ಬಂದದ್ದಲ್ಲ, ದಿಲ್ಲಿಯ ಕೋರ್ಟಿನ ದಾರಿ ಹಿಡಿದು ಗೆದ್ದದ್ದು. ಹಾಗೆ ಗೆದ್ದದ್ದರ ಬೆಲೆಯನ್ನು ಜಿಲ್ಲೆ ಇನ್ನೂ ಕಟ್ಟುತ್ತಿದೆ.

ಮಣ್ಣಿಗೆ ರೊಕ್ಕ ಬಂದ ಕಾಲ

ಬಳ್ಳಾರಿ ಗುಡ್ಡಗಳಲ್ಲಿ ಅದಿರು ಇರುವುದು ಹೊಸ ವಿಷಯ ಅಲ್ಲ. ದಶಕಗಳ ಕಾಲ ಗಣಿಗಾರಿಕೆ ನಡೆದೇ ಇತ್ತು. 2000ದ ನಂತರ ಚೀನಾ ಉಕ್ಕಿಗೆ ಬಾಯಿ ತೆರೆದು ಕೂತಿತು, 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ತಿರ ಬಂದಂತೆ ಹಸಿವು ಇನ್ನೂ ಜಾಸ್ತಿಯಾಯಿತು. ಕೇಳುವವರಿಲ್ಲದೆ ಬಿದ್ದಿದ್ದ ಪುಡಿ ಅದಿರಿಗೂ ಟನ್‌ಗೆ ಸಾವಿರಗಟ್ಟಲೆ ಬೆಲೆ ಬಂತು. ಸರ್ಕಾರಕ್ಕೆ ಸಿಗುತ್ತಿದ್ದ ರಾಯಲ್ಟಿ ಮಾತ್ರ ಟನ್‌ಗೆ 27 ರೂಪಾಯಿ ದಾಟುತ್ತಿರಲಿಲ್ಲ. 2009ರ ಆಗಸ್ಟ್‌ನಲ್ಲಿ ಅದು ಬೆಲೆಯ ಶೇ 10 ಎಂದು ಬದಲಾಗುವ ಹೊತ್ತಿಗೆ ಗುಡ್ಡದ ಬಹುಪಾಲು ಲಾಭ ಹಡಗು ಹತ್ತಿ ಹೋಗಿಯಾಗಿತ್ತು.

ಇದಕ್ಕೆ ಬಾಗಿಲು ತೆಗೆದವರು ಯಾರು? ಓಟು ಪಡೆದವರೇ. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಸಂಸ್ಥೆಗಳಿಗೆ ಅಂತ ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆಯಿತು. ಸಾಮಾಜಿಕ ಬದಲಾವಣೆ ಅಂದರೆ ಒಳ್ಳೆಯದೇ ಆಗಬೇಕು ಅಂತೇನಿಲ್ಲ. ಒಂದೇ ಅಧಿಸೂಚನೆ, ಒಂದು ಜಿಲ್ಲೆಯ ಬದುಕೇ ತಿರುಗಿಬಿಟ್ಟಿತು. ಚಳವಳಿಗೆ ಈ ವೇಗ ಯಾವತ್ತೂ ಬರುವುದಿಲ್ಲ.

ರೈತರು ಜೋಳ, ಹತ್ತಿ ಬೆಳೆಯುತ್ತಿದ್ದ ಪಟ್ಟಾ ಜಮೀನನ್ನೇ ಅಗೆಯಲು ಕೊಟ್ಟರು. ಮೇಲ್ಮಣ್ಣಿನಲ್ಲಿ ಸಿಗುವ ಅದಿರಿನ ಕಲ್ಲು ಆರಿಸಿ ಮಾರಿದರು. ಕೂಲಿ ಮಾಡುತ್ತಿದ್ದವರು ಬ್ಯಾಂಕಿನಲ್ಲೋ ಫೈನಾನ್ಸ್‌ನಲ್ಲೋ ಸಾಲ ತೆಗೆದು ಲಾರಿ ಕೊಂಡರು. ಹೋಟೆಲ್, ಪಂಕ್ಚರ್ ಅಂಗಡಿ, ಟಾರ್ಪಾಲಿನ ವ್ಯಾಪಾರ ಎಲ್ಲಾ ಎದ್ದು ನಿಂತವು. ಹಾಗಾಗಿ ‘ಗಣಿ ಧಣಿಗಳು ಒಂದು ಕಡೆ, ಜನ ಇನ್ನೊಂದು ಕಡೆ’ ಅಂತ ಗೆರೆ ಎಳೆಯುವುದು ಅಷ್ಟು ಸುಲಭ ಇರಲಿಲ್ಲ. ಎಲ್ಲರ ಮನೆಗೂ ಸ್ವಲ್ಪ ಮಣ್ಣಿನ ರೊಕ್ಕ ಬರುತ್ತಿತ್ತು. ಎಲ್ಲರ ಎದೆಗೂ ಸ್ವಲ್ಪ ಮಣ್ಣು ಹೋಗುತ್ತಿತ್ತು.

ಒಂದು ಟ್ರಿಪ್ಪಿನ ಕಥೆ

ಅಕ್ರಮ ಅಂದರೆ ಏನು ನಡೀತಿತ್ತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲದಿದ್ದರೆ ಯಾರು ಏನು ನಿಲ್ಲಿಸಿದರು ಅಂತ ತಿಳಿಯುವುದಿಲ್ಲ.

ಗಣಿಯಿಂದ ಲಾರಿ ಹೊರಬರಲು ಗಣಿ ಇಲಾಖೆಯ ಪರ್ಮಿಟ್ ಬೇಕು. ಅರಣ್ಯದ ಜಾಗವಾದರೆ ಅರಣ್ಯ ಇಲಾಖೆಯ ಪಾಸೂ ಬೇಕು. ಪರ್ಮಿಟ್ಟಿನಲ್ಲಿ ಲಾರಿ ನಂಬರು, ಎಷ್ಟು ಟನ್, ಯಾವ ಗಣಿ, ಎಲ್ಲಿಗೆ ಹೋಗುತ್ತದೆ ಎಲ್ಲಾ ಬರೆದಿರಬೇಕು. ಹತ್ತು ಚಕ್ರದ ಲಾರಿಗೆ ಕಾನೂನು ಪ್ರಕಾರ ಹೆಚ್ಚುಕಮ್ಮಿ 16 ಟನ್ ಹಾಕಬಹುದು. ಕಾಗದದಲ್ಲಿ ಅಷ್ಟೇ ಬರೆಯುತ್ತಿದ್ದರು. ಲಾರಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತಿತ್ತು. ಆ ಹೆಚ್ಚುವರಿ ಮಣ್ಣಿಗೆ ರಾಯಲ್ಟಿ ಇಲ್ಲ, ತೆರಿಗೆ ಇಲ್ಲ, ಲೆಕ್ಕದಲ್ಲಿ ಅದು ಹುಟ್ಟಿಯೇ ಇಲ್ಲ. ಕೆಲವು ಲಾರಿಗಳು ಒಂದೇ ಪರ್ಮಿಟ್ಟಿನಲ್ಲಿ ಎರಡು ಮೂರು ಟ್ರಿಪ್ ಹೊಡೆಯುತ್ತಿದ್ದವು. ಇನ್ನು ಕೆಲವಕ್ಕೆ ಪರ್ಮಿಟ್ಟೇ ಇರುತ್ತಿರಲಿಲ್ಲ. ಗುತ್ತಿಗೆ ಪಡೆದ ಜಾಗದ ಗಡಿ ಕಲ್ಲನ್ನು ಸರಿಸಿ ಪಕ್ಕದ ಅರಣ್ಯ ಅಗೆದು, ಅದನ್ನು ಸ್ವಂತ ಗಣಿಯ ಅದಿರು ಅಂತ ತೋರಿಸುವುದೂ ಇತ್ತು. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಯ ಗುರುತುಗಳೇ ಅಳಿಸಿಹೋದವು ಅನ್ನುವ ದೂರು ಬಂದದ್ದು ಹೀಗೆ. ಗಡಿ ಭಾಗದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯನ್ನು 2006ರಲ್ಲಿ ಸ್ಫೋಟಿಸಿ ಕೆಡವಿದ ಸುದ್ದಿಯೂ ಆಗಲೇ ಬಂತು.

ಚೆಕ್‌ಪೋಸ್ಟ್, ತೂಕದ ಕಟ್ಟೆ, ಆರ್‌ಟಿಒ, ಬಂದರು ಎಲ್ಲವನ್ನೂ ಮಾತಾಡಿಸಿಕೊಂಡು ಮಣ್ಣು ಸಾಗಿಸುವ ಏರ್ಪಾಡೇ ಬೆಳೆಯಿತು. ಲೋಕಾಯುಕ್ತ ವರದಿ ಇದಕ್ಕೆ ‘ಶೂನ್ಯ ಅಪಾಯ ವ್ಯವಸ್ಥೆ’ ಅಂತ ಕರೆಯಿತು. ರೊಕ್ಕ ಕೊಟ್ಟರೆ ಗಣಿಯಿಂದ ಬಂದರಿನವರೆಗೆ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ ಅನ್ನುವ ಗ್ಯಾರಂಟಿ ಅದು.

ಕಡತ ತೆರೆದದ್ದು ಹೇಗೆ

ಇಲ್ಲಿ ರಾಜಕಾರಣಿಗಳಿಗೆ ಸಲ್ಲಬೇಕಾದ್ದನ್ನು ಕೊಡಬೇಕು. 2006ರಲ್ಲಿ ಜೆಡಿಎಸ್, ಬಿಜೆಪಿ ಸಮ್ಮಿಶ್ರ ಸರ್ಕಾರ ಇತ್ತು. ಬಳ್ಳಾರಿಯ ಗಣಿ ಧಣಿ, ಆಗ ಬಿಜೆಪಿಯ ವಿಧಾನ ಪರಿಷತ್ ಸದಸ್ಯರಾಗಿದ್ದ ಜನಾರ್ದನ ರೆಡ್ಡಿ ಮುಖ್ಯಮಂತ್ರಿ ಕುಮಾರಸ್ವಾಮಿ ಮೇಲೆಯೇ ಗಣಿ ಲಂಚದ ಆರೋಪ ಮಾಡಿದರು. ಆ ಗಲಾಟೆಯ ಬೆನ್ನಲ್ಲೇ 2007ರ ಮಾರ್ಚ್‌ನಲ್ಲಿ ಸರ್ಕಾರ ಅಕ್ರಮ ಗಣಿಗಾರಿಕೆಯ ತನಿಖೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ತನಿಖೆ ಇಷ್ಟು ದೂರ ಹೋಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ ಅನ್ನಿಸುತ್ತದೆ. ಒಬ್ಬರ ಮೇಲೆ ಒಬ್ಬರು ಕೆಸರು ಎರಚಿಕೊಂಡ ಜಗಳದಲ್ಲಿ ಕಡತದ ದಾರ ಬಿಚ್ಚಿಹೋಯಿತು, ಅಷ್ಟೇ.

ಇನ್ನೂ ಹಿಂದೆ ಹೋದರೆ, ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದ್ದು, ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದ್ದು. ಮುಂದೆ ಕೋರ್ಟಿನಲ್ಲಿ ಆಧಾರವಾದ ಅರಣ್ಯ ಸಂರಕ್ಷಣಾ ಕಾಯ್ದೆ 1980ರಲ್ಲಿ ಸಂಸತ್ತು ಮಾಡಿದ್ದು. ಚಳವಳಿಗಾರರು ಎತ್ತಿಕೊಂಡ ಆಯುಧವನ್ನು ಮಾಡಿಟ್ಟವರೂ ಜನಪ್ರತಿನಿಧಿಗಳೇ. ಇದನ್ನು ನಮ್ಮ ಹೋರಾಟಗಾರ ಗೆಳೆಯರು ವೇದಿಕೆ ಮೇಲೆ ಹೇಳುವುದಿಲ್ಲ, ಅದೊಂದು ಬೇಜಾರು.

ಲೋಕಾಯುಕ್ತದ ಮೊದಲ ವರದಿ 2008ರ ಡಿಸೆಂಬರ್‌ನಲ್ಲಿ ಬಂತು. ಆಗಲೇ ಬಿಜೆಪಿ ಪಕ್ಷೇತರರ ಬೆಂಬಲದಿಂದ ಸರ್ಕಾರ ಮಾಡಿತ್ತು, ಬಳ್ಳಾರಿಯ ರೆಡ್ಡಿ ಸಹೋದರರು ಮತ್ತು ಶ್ರೀರಾಮುಲು ಮಂತ್ರಿಗಳಾಗಿದ್ದರು. ವರದಿ ಕಪಾಟಿಗೆ ಹೋಯಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕೆಲಸ ಮುಂದುವರಿಸಿತು. 2010ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿಯಾಯಿತು. ಸ್ವಲ್ಪ ದಿನದಲ್ಲೇ ಅದರಲ್ಲಿ ಸುಮಾರು 5 ಲಕ್ಷ ಟನ್ ಮಾಯ. ಕಾನೂನು ಪ್ರಕಾರ ಕೆಲಸ ಮಾಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟರು. ಅದಕ್ಕೇ ಜೂನ್‌ನಲ್ಲಿ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು. ಜುಲೈ ಮೊದಲ ವಾರದಲ್ಲಿ ಆಡ್ವಾಣಿ ಮಾತಿಗೆ ವಾಪಸ್ ತೆಗೆದುಕೊಂಡರು.

320 ಕಿಲೋಮೀಟರ್ ನಡೆದು ಆದದ್ದೇನು

ಬೇಲೆಕೇರಿಯಿಂದ ಎದ್ದ ಬೆಂಕಿಗೆ ವಿರೋಧ ಪಕ್ಷಕ್ಕೆ ವಿಷಯ ಸಿಕ್ಕಿತು. ಜುಲೈನಲ್ಲಿ ವಿಧಾನಸಭೆಯಲ್ಲಿ ಗದ್ದಲ, ಶಾಸಕರ ಅಹೋರಾತ್ರಿ ಧರಣಿ. ಬಳ್ಳಾರಿಗೆ ಬನ್ನಿ ನೋಡೋಣ ಅನ್ನುವ ಸವಾಲು, ಬಂದೇ ಬರುತ್ತೇವೆ ಅನ್ನುವ ಉತ್ತರ. ಸಿದ್ದರಾಮಯ್ಯ ಮುಂದಾಳತ್ವದಲ್ಲಿ ಜುಲೈ 25ಕ್ಕೆ ಬೆಂಗಳೂರಿನಿಂದ ಹೊರಟ ಪಾದಯಾತ್ರೆ ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್ 9ಕ್ಕೆ ಬಳ್ಳಾರಿ ಮುಟ್ಟಿತು.

ಇದು ಬರೀ ನಾಟಕ ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಪಾದಯಾತ್ರೆ ಹೊರಟ ಮರುದಿನವೇ, ಜುಲೈ 26ರಂದು, ರಾಜ್ಯ ಸರ್ಕಾರ ನಮ್ಮ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು. ಎರಡು ದಿನ ಬಿಟ್ಟು ರಫ್ತಿನ ಪರ್ಮಿಟ್ ಕೊಡುವುದನ್ನೂ ನಿಲ್ಲಿಸಿತು. ಲೋಕಾಯುಕ್ತ ವರದಿ ಒಂದೂವರೆ ವರ್ಷ ಮಾಡಲಾಗದ್ದನ್ನು ಬೀದಿಗಿಳಿದ ವಿರೋಧ ಪಕ್ಷದ ಭಯ ಎರಡೇ ದಿನದಲ್ಲಿ ಮಾಡಿಸಿತು. ಜೊತೆಗೆ ಇನ್ನೊಂದು ಇತ್ತು. ಆ ದಿನಗಳಲ್ಲಿ ಬಳ್ಳಾರಿ ಪೇಟೆಯಲ್ಲಿ ಗಣಿಯವರ ಬಗ್ಗೆ ಗಟ್ಟಿ ದನಿಯಲ್ಲಿ ಮಾತಾಡಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ಸಾವಿರಾರು ಮಂದಿ ಘೋಷಣೆ ಕೂಗಿಕೊಂಡು ಊರಿಗೆ ಬಂದರೆ ಆ ಅಂಜಿಕೆಗೆ ಒಂದು ಪೆಟ್ಟು ಬೀಳುತ್ತದೆ.

ಆದರೆ ರಫ್ತು ನಿಂತರೆ ಗಣಿ ನಿಂತಂತಲ್ಲ. ಒಳನಾಡಿನ ಪರ್ಮಿಟ್ಟಿನಲ್ಲಿ ಅಗೆಯುವುದು ನಡೆದೇ ಇತ್ತು. ಗಡಿ ಕಲ್ಲುಗಳನ್ನು ಯಾರೂ ಹಳೆಯ ಜಾಗಕ್ಕೆ ತಂದಿಡಲಿಲ್ಲ. 2011ರ ಏಪ್ರಿಲ್‌ನಲ್ಲಿ, ರಾಜ್ಯ ಹೊಸ ನಿಯಮ ಮಾಡಿದ ಮೇಲೆ, ಸುಪ್ರೀಂ ಕೋರ್ಟ್ ರಫ್ತಿಗೂ ದಾರಿ ಬಿಟ್ಟಿತು. ಪಾದಯಾತ್ರೆ ಹುಟ್ಟಿಸಿದ ಬಿಸಿ ಅಷ್ಟರಲ್ಲಿ ಆರಿತ್ತು.

ಧಾರವಾಡದಿಂದ ದಿಲ್ಲಿಗೆ

ಈ ಗದ್ದಲದ ಮಧ್ಯೆ ಸದ್ದಿಲ್ಲದೆ ನಡೆದ ಕೆಲಸ ಒಂದಿತ್ತು. ಎಸ್.ಆರ್. ಹಿರೇಮಠರ ಸಂಸ್ಥೆಯಾದ ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿತ್ತು. ಅಂದರೆ ಪಾದಯಾತ್ರೆಗೂ ಮೊದಲೇ. ಅರ್ಜಿ ಗಟ್ಟಿಯಾದದ್ದು ಭಾಷಣದಿಂದಲ್ಲ, ಕಾಗದದಿಂದ. ಸರ್ವೆ ನಕ್ಷೆ, ಗುತ್ತಿಗೆ ಪತ್ರ, ಅರಣ್ಯ ಗಡಿಯ ದಾಖಲೆ. ಗಡಿ ಒತ್ತುವರಿ ವಿರುದ್ಧ ದೂರು ಹಿಡಿದು ವರ್ಷಗಟ್ಟಲೆ ಕಚೇರಿ ಸುತ್ತಿದ ಟಪಾಲ್ ಗಣೇಶ್ ಸ್ವತಃ ಗಣಿ ಮಾಲೀಕರು. ತನ್ನ ಗಣಿಯ ಜಾಗ ಹೋಯಿತು ಅಂತ ಎದ್ದು ನಿಂತವರು. ಚಳವಳಿ ಅಂದರೆ ಹಸಿರು ಟವೆಲ್, ಕೆಂಪು ಬಾವುಟ ಅಂತಲೇ ಎಣಿಸುವವರಿಗೆ ಇದು ಸ್ವಲ್ಪ ಇರಿಸುಮುರಿಸು. ಆದರೆ ಬಳ್ಳಾರಿಯಲ್ಲಿ ಎದುರಾಡಿದವರು ಇಂಥವರೇ: ಒಬ್ಬ ಗಣಿ ಮಾಲೀಕ, ಕೆಲವು ಅರಣ್ಯಾಧಿಕಾರಿಗಳು, ನಿವೃತ್ತ ನ್ಯಾಯಮೂರ್ತಿಯೊಬ್ಬರು, ಹೊರ ಜಿಲ್ಲೆಯ ಒಂದು ಸಂಸ್ಥೆ, ಕೆಲವು ಪತ್ರಕರ್ತರು.

ಅರಣ್ಯದ ಪ್ರಕರಣಗಳಲ್ಲಿ ತನಗೆ ವರದಿ ಕೊಡುವ ಕೇಂದ್ರೀಯ ಉನ್ನತಾಧಿಕಾರ ಸಮಿತಿಯನ್ನು ಕೋರ್ಟು ಕಳಿಸಿತು. 2011ರ ಜುಲೈ 27ರಂದು ಲೋಕಾಯುಕ್ತದ ಎರಡನೇ ವರದಿ, 25 ಸಾವಿರ ಪುಟ ಮೀರಿದ್ದು, ಹೊರಬಿತ್ತು. 2006ರಿಂದ 2010ರವರೆಗೆ ಖಜಾನೆಗೆ 16,085 ಕೋಟಿ ರೂಪಾಯಿ ನಷ್ಟ ಅನ್ನುವ ಅಂದಾಜು ಅದರಲ್ಲಿತ್ತು. ಬಿಜೆಪಿ, ಜೆಡಿಎಸ್, ಕಾಂಗ್ರೆಸ್ ಮೂರೂ ಕಡೆಯವರ ಹೆಸರುಗಳಿದ್ದವು. ಜುಲೈ 29ಕ್ಕೆ ಕೋರ್ಟಿನ ಆದೇಶ. ಜುಲೈ 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ. ಆಗಸ್ಟ್ 26ಕ್ಕೆ ತುಮಕೂರು, ಚಿತ್ರದುರ್ಗಕ್ಕೂ ತಡೆ ವಿಸ್ತರಣೆ. ಸೆಪ್ಟೆಂಬರ್ 5ಕ್ಕೆ ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಂಧಿಸಿತು. ಆರು ವಾರದಲ್ಲಿ ಇಷ್ಟೆಲ್ಲಾ. (ಯಡಿಯೂರಪ್ಪ ಅವರನ್ನು ಗಣಿ ಕಂಪನಿಯ ದೇಣಿಗೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರಲ್ಲಿ ಖುಲಾಸೆ ಮಾಡಿತು ಅನ್ನುವುದನ್ನೂ ಹೇಳಬೇಕು.)

ಆಮೇಲೆ ನಡೆದ ಅಳತೆ ಕೆಲಸದ ಬಗ್ಗೆ ಯಾರೂ ಹಾಡು ಕಟ್ಟಿಲ್ಲ. ಅರಣ್ಯ, ಗಣಿ, ಕಂದಾಯ ಇಲಾಖೆಯವರ ಜಂಟಿ ತಂಡ ಗುಡ್ಡ ಹತ್ತಿ ಒಂದೊಂದೇ ಗುತ್ತಿಗೆಯ ಮೇರೆ ಅಳೆಯಿತು. ಅಕ್ರಮ ಇಲ್ಲದ ಅಥವಾ ಅಲ್ಪಸ್ವಲ್ಪ ಇರುವ 45 ಗುತ್ತಿಗೆ ಎ ವರ್ಗ. ಮಿತಿಯೊಳಗೆ ಒತ್ತುವರಿ ಮಾಡಿದ 72 ಬಿ ವರ್ಗ. ಗಣಿ ಗುಂಡಿಗೆ ಶೇ 10, ಮಣ್ಣು ಸುರಿಯಲು ಶೇ 15 ಮೀರಿ ಒತ್ತಿದ 49 ಸಿ ವರ್ಗ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ, ತುಮಕೂರಿಗೆ ಸೇರಿ 50 ಲಕ್ಷ ಟನ್ ಅಂತ ಮಿತಿ ಬಂತು. ಅದಿರು ಮಾರಬೇಕಾದರೆ ಉಸ್ತುವಾರಿ ಸಮಿತಿಯ ಇ–ಹರಾಜಿನಲ್ಲಿ ಮಾತ್ರ. ಆ ದುಡ್ಡಿನಲ್ಲಿ ಒಂದು ಪಾಲು ಹಾಳಾದ ಊರುಗಳ ಪುನಶ್ಚೇತನಕ್ಕೆ.

ಒಂದೇ ಪರ್ಮಿಟ್ಟಿನಲ್ಲಿ ಮೂರು ಟ್ರಿಪ್ ಹೊಡೆಯುವ ದಂಧೆ ಮುಗಿದದ್ದು ಈ ಹರಾಜು ಮತ್ತು ಅಳತೆಯಿಂದ. ಯಾವ ಶಾಸನಸಭೆಯೂ ಇದನ್ನು ಮಾಡಲಿಲ್ಲ, ಮಾಡುವ ಲಕ್ಷಣವೂ ಇರಲಿಲ್ಲ. ಆ ಮಟ್ಟಿಗೆ ಉತ್ತರ ಸ್ಪಷ್ಟ: ಅರ್ಜಿ ಹಾಕಿದವರು ಇರದಿದ್ದರೆ ಗಣಿ ನಿಲ್ಲುತ್ತಿರಲಿಲ್ಲ.

ಓಟಿನ ಡಬ್ಬಿ ಹೇಳಿದ್ದೇ ಬೇರೆ

ಇಲ್ಲಿಗೆ ನಿಲ್ಲಿಸಿದರೆ ಚಳವಳಿಗೆ ಜೈ ಅಂದು ಎದ್ದು ಹೋಗಬಹುದು. ಆದರೆ 2011ರ ನವೆಂಬರ್ ಅಡ್ಡ ಬರುತ್ತದೆ. ರೆಡ್ಡಿ ಜೈಲಿನಲ್ಲಿದ್ದಾರೆ. ಗಣಿ ಬಂದ್ ಆಗಿ ನಾಲ್ಕು ತಿಂಗಳು. ಬಳ್ಳಾರಿ ಗ್ರಾಮೀಣ ಕ್ಷೇತ್ರಕ್ಕೆ ಉಪಚುನಾವಣೆ. ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತ ಶ್ರೀರಾಮುಲು 46 ಸಾವಿರಕ್ಕೂ ಜಾಸ್ತಿ ಮತಗಳ ಅಂತರದಿಂದ ಗೆದ್ದರು. 320 ಕಿಲೋಮೀಟರ್ ನಡೆದು ಬಂದ ಕಾಂಗ್ರೆಸ್ಸಿಗೆ ಅಲ್ಲಿ ಸಿಕ್ಕಿದ್ದು ಬಹಳ ಹಿಂದೆ ಬಿದ್ದ ಎರಡನೇ ಸ್ಥಾನ.

ಬೆಂಗಳೂರಿನ ಟಿವಿ ಚರ್ಚೆಗಳಲ್ಲಿ ಇದಕ್ಕೆ ಒಂದೇ ವಿವರಣೆ ಇತ್ತು, ರೊಕ್ಕ ಹಂಚಿದರು ಅಂತ. ಅಷ್ಟೇ ಆಗಿದ್ದರೆ ಅಂತರ ಇಷ್ಟು ಇರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಗಣಿ ನಿಂತಾಗ ಮೊದಲು ಬಿದ್ದವರು ಧಣಿಗಳಲ್ಲ. ಸಾಲದ ಲಾರಿಯವರು, ಅದಿರು ಆರಿಸುತ್ತಿದ್ದ ಕೂಲಿಯವರು, ಡಾಬಾ ನಡೆಸುತ್ತಿದ್ದವರು. ಕಂತು ಕಟ್ಟಲಾಗದೆ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು, ಉಳಿದವನ್ನು ಗುಜರಿಗೆ ಹಾಕಿದರು. ಪಟ್ಟಾ ಜಮೀನು ಅಗೆಸಿದ ರೈತನಿಗೆ ಹೊಲದಲ್ಲಿ ಗುಂಡಿ ಉಳಿಯಿತು. ಈ ಜನರ ಹತ್ತಿರ ಹೋಗಿ ‘ಮುಂದೆ ಏನು’ ಅಂತ ಕೂತು ಮಾತಾಡಿದವರು ಯಾರು? ಅರ್ಜಿದಾರರಿಗೆ ಕೋರ್ಟಿನ ವಿಚಾರಣೆ ಇತ್ತು. ಕಾಂಗ್ರೆಸ್ಸಿಗೆ 2013ರ ಚುನಾವಣೆ ಇತ್ತು. ಮನೆ ಬಾಗಿಲಿಗೆ ಹೋಗಿ ಕಷ್ಟ ಕೇಳಿದವರು ಅದೇ ಹಳೆಯ ಮುಖಗಳು. ಮದುವೆಗೆ, ಆಸ್ಪತ್ರೆಗೆ ಕೈಯೆತ್ತಿ ಕೊಟ್ಟವರನ್ನು ಜನ ಮರೆಯಲಿಲ್ಲ.

ಇದೇ ಸಮಾಜ ಪರಿವರ್ತನ ಸಮುದಾಯ 1980ರ ದಶಕದಲ್ಲಿ ಬೇರೆ ಥರ ಕೆಲಸ ಮಾಡಿತ್ತು. ಹಳ್ಳಿಗಳ ಗೋಮಾಳ, ಸಾಮೂಹಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಗೆ ನೀಲಗಿರಿ ಬೆಳೆಸಲು ಕೊಟ್ಟಾಗ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ನಡೆಯಿತು. 1987ರ ನವೆಂಬರ್‌ನಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಯವರೇ ನೀಲಗಿರಿ ಸಸಿ ಕಿತ್ತು, ಹಣ್ಣು, ಮೇವಿನ ಗಿಡ ಹಚ್ಚಿದರು. ಆಗಲೂ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಇತ್ತು, ಶಿವರಾಮ ಕಾರಂತರೇ ಅರ್ಜಿದಾರರಾಗಿದ್ದರು. ಆದರೆ ಅರ್ಜಿಯ ಹಿಂದೆ ಹಳ್ಳಿ ಇತ್ತು, ಏನು ಬೇಡ ಅನ್ನುವುದರ ಜೊತೆ ಏನು ಬೇಕು ಅನ್ನುವುದೂ ಕೈಯಲ್ಲೇ ಇತ್ತು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು. ಬಳ್ಳಾರಿಯಲ್ಲಿ ಕೀಳುವ ಕೆಲಸ ಚೆನ್ನಾಗಿ ಆಯಿತು. ಹಚ್ಚುವ ಕೆಲಸ ಮಾತ್ರ ಹಾಗೇ ಉಳಿಯಿತು. ಹಿರೇಮಠರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ನೀಲಗಿರಿ ತೋಪಿನಿಂದ ಹಳ್ಳಿಗೆ ಸಿಗುವುದು ಏನೂ ಇರಲಿಲ್ಲ, ಗಣಿಯಿಂದ ಪ್ರತಿ ಶನಿವಾರ ಪಗಾರ ಬರುತ್ತಿತ್ತು. ಎದುರಾಳಿಯೇ ಬೇರೆ.

ಗೆದ್ದವರು ಕುರ್ಚಿ ಹತ್ತಿದ ಮೇಲೆ

2013ರಲ್ಲಿ ಕಾಂಗ್ರೆಸ್ 122 ಸ್ಥಾನ ಗೆದ್ದಿತು. ಪಾದಯಾತ್ರೆಯ ನಾಯಕರು ಮುಖ್ಯಮಂತ್ರಿಯಾದರು. ವಿಶೇಷ ತನಿಖಾ ತಂಡ ಬಂತು, ಸಂಪುಟ ಉಪಸಮಿತಿ ಬಂತು. ಆದರೆ 2016ರ ಮಾರ್ಚ್‌ನಲ್ಲಿ ಅದೇ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಮಾಡಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಂಡಿತು. ಯಾವ ಸಂಸ್ಥೆಯ ವರದಿ ಹಿಡಿದು 320 ಕಿಲೋಮೀಟರ್ ನಡೆದಿದ್ದರೋ ಅದರ ಹಲ್ಲನ್ನೇ ಕಿತ್ತರು. ಮುಂದಿನ ಸರ್ಕಾರಗಳು ಅದನ್ನು ಸರಿ ಮಾಡುವ ಗೋಜಿಗೆ ಹೋಗಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡಬೇಕಾಯಿತು. ಮತ್ತೆ ಕೋರ್ಟೇ.

ಪಾದಯಾತ್ರೆಯಲ್ಲಿ ನಡೆದಿದ್ದ, ಆ ಉಪಸಮಿತಿಯ ಅಧ್ಯಕ್ಷರೂ ಆಗಿದ್ದ ಎಚ್.ಕೆ. ಪಾಟೀಲ್ 2025ರ ಜೂನ್‌ನಲ್ಲಿ ತಮ್ಮದೇ ಮುಖ್ಯಮಂತ್ರಿಗೆ ಪತ್ರ ಬರೆದು, ಅಕ್ರಮದ ಬಹುಪಾಲು ತನಿಖೆಯೇ ಆಗಿಲ್ಲ ಅಂದರು. ಮಂತ್ರಿಯೇ ಅರ್ಜಿದಾರರ ಥರ ಪತ್ರ ಬರೆಯುತ್ತಾರೆ ಅಂದರೆ ಉಳಿದವರು ಏನು ಮಾಡಬೇಕು ಹೇಳಿ.

ಶಿಕ್ಷೆ ಆಗಲೇ ಇಲ್ಲ ಅಂತಲ್ಲ. ಬೇಲೆಕೇರಿ ಪ್ರಕರಣದಲ್ಲಿ ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್‌ಗೆ 2024ರ ಅಕ್ಟೋಬರ್‌ನಲ್ಲಿ 7 ವರ್ಷ ಶಿಕ್ಷೆಯಾಯಿತು. ಓಬಳಾಪುರಂ ಗಣಿ ಕಂಪನಿಯ ಅಕ್ರಮದ ಪ್ರಕರಣದಲ್ಲಿ ಜನಾರ್ದನ ರೆಡ್ಡಿಗೆ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ 7 ವರ್ಷ ವಿಧಿಸಿತು. ಎರಡನ್ನೂ ಮೇಲಿನ ಕೋರ್ಟುಗಳು ಅಮಾನತಿನಲ್ಲಿಟ್ಟವು. ರೆಡ್ಡಿ ಅವರು ಜಾಮೀನಿನ ಷರತ್ತಿನಿಂದ ವರ್ಷಗಟ್ಟಲೆ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ. 2023ರಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಹೋಗಿ ಸ್ವಂತ ಪಕ್ಷ ಕಟ್ಟಿ ನಿಂತು ಗೆದ್ದರು.

ಇನ್ನು ದುಡ್ಡು. ಇ–ಹರಾಜಿನಿಂದ ಬಂದು ಕೂಡಿದ್ದು, ಬಡ್ಡಿ ಬೆಳೆದದ್ದು ಸೇರಿ ದೊಡ್ಡ ಗಂಟಾಯಿತು. ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ ಮಾಡಿದರು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಗುವ ಹೊತ್ತಿಗೆ 2022 ಬಂದಿತ್ತು. ಗಣಿ ನಿಂತು 11 ವರ್ಷ. ಧೂಳು ಕುಡಿದು ಬೆಳೆದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿರುತ್ತದೆ. ಕೋರ್ಟಿಗೆ ರೊಕ್ಕ ಕಾಯಲು ಬರುತ್ತದೆ, ಸಂಡೂರಿನ ಯಾವ ಹಳ್ಳಿಗೆ ಮೊದಲು ನೀರು ಬೇಕು ಅಂತ ಗೊತ್ತಾಗುವುದಿಲ್ಲ. ಅದು ಪಂಚಾಯಿತಿ ಸದಸ್ಯನಿಗೆ, ಶಾಸಕನಿಗೆ ಗೊತ್ತಿರಬೇಕಾದ ವಿಷಯ. ಆದರೆ ಶಾಸಕನ ಕೈಗೆ ಕೊಟ್ಟರೆ ಎಲ್ಲಿ ಹೋಗುತ್ತದೋ ಅನ್ನುವ ಅನುಮಾನದಿಂದಲೇ ಈ ಗಂಟಿಗೆ ಇಷ್ಟು ಬೀಗ ಬಿದ್ದದ್ದು. ಅನುಮಾನಕ್ಕೆ ಕಾರಣ ಇತ್ತು, ಅದನ್ನೂ ಅಲ್ಲಗಳೆಯಲು ಆಗುವುದಿಲ್ಲ.

ಗಣಿಯವರಿಂದ ಗಣಿ ಊರುಗಳಿಗೆ ಅಂತ ವಸೂಲು ಮಾಡುವ, 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬೇರೆಯೇ ಇದೆ. ಅದರ ಸಭೆಯಲ್ಲಿ ಜಿಲ್ಲಾಧಿಕಾರಿ, ಶಾಸಕರು, ಇಲಾಖೆಯವರು ಕೂರುತ್ತಾರೆ. ಗಣಿ ಊರಿನ ಗ್ರಾಮಸಭೆಯ ಠರಾವು ಆ ಮೇಜಿನವರೆಗೆ ಬರುವುದು ಅಪರೂಪ. ಹೋರಾಟದ ಹೊತ್ತಿನಲ್ಲೇ ಊರಿಗೊಂದು ಸಮಿತಿ ಕಟ್ಟಿಕೊಂಡಿದ್ದರೆ ಈಗ ಆ ಸಮಿತಿ ಲೆಕ್ಕ ಕೇಳುತ್ತಿತ್ತು.

ಇತ್ತ ಗಣಿ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿದೆ. 2.5 ಕೋಟಿ ಟನ್ ಇದ್ದ ಬಳ್ಳಾರಿಯ ಮಿತಿ 2017ರಲ್ಲಿ 2.8 ಕೋಟಿ ಆಯಿತು. 2022ರ ಆಗಸ್ಟ್‌ನಲ್ಲಿ 3.5 ಕೋಟಿ. ಅದೇ ವರ್ಷ ಮೇ ತಿಂಗಳಲ್ಲಿ ರಫ್ತಿಗೂ ಅನುಮತಿ ಸಿಕ್ಕಿತ್ತು. ಪ್ರತಿ ಸಲವೂ ನಿರ್ಧಾರ ಆದದ್ದು ದಿಲ್ಲಿಯಲ್ಲಿ, ವಕೀಲರ ಮಾತಿನ ಮೇಲೆ. ಕೋರ್ಟು ನಿಲ್ಲಿಸಿದ್ದನ್ನು ಕೋರ್ಟೇ ಸಡಿಲ ಮಾಡಿತು. ಆಗ ಬಳ್ಳಾರಿಯ ಬೀದಿಯಲ್ಲಿ ದೊಡ್ಡ ದನಿ ಏನೂ ಏಳಲಿಲ್ಲ.

ದೇವದಾರಿ ಗುಡ್ಡ

2024ರ ಜೂನ್‌ನಲ್ಲಿ ಅದೇ ಪ್ರಶ್ನೆ ಸಂಡೂರಿಗೆ ವಾಪಸ್ ಬಂತು. ಸ್ವಾಮಿಮಲೈ ಅರಣ್ಯದ ದೇವದಾರಿಯಲ್ಲಿ ಕುದುರೆಮುಖದ ಸರ್ಕಾರಿ ಕಂಪನಿ ಕೆಐಒಸಿಎಲ್‌ಗೆ ಗಣಿ ಕೊಡುವ ಯೋಜನೆ ಅದು. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಜಾಸ್ತಿ ಮರ. ಕೇಂದ್ರ ಉಕ್ಕು ಸಚಿವರಾದ ಕೂಡಲೇ ಕುಮಾರಸ್ವಾಮಿ ಇದರ ಕಡತಕ್ಕೆ ಸಹಿ ಹಾಕಿದರು. ಹತ್ತೇ ದಿನದಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಸಂಡೂರಿನಲ್ಲಿ ಜನಸಂಗ್ರಾಮ ಪರಿಷತ್ತಿನವರು ಮೊದಲಿನಿಂದಲೂ ಈ ಗಣಿಯನ್ನು ವಿರೋಧಿಸಿಕೊಂಡು ಬಂದಿದ್ದರು.

ಮೇಲ್ನೋಟಕ್ಕೆ ಇದು ಹೋರಾಟದ ಗೆಲುವು. ಆದರೆ ರಾಜ್ಯ ಸರ್ಕಾರ ಕೊಟ್ಟ ಕಾರಣ ನೋಡಿ. ಸಂಡೂರಿನ ಜನ ಬೇಡ ಅಂದರು ಅಂತಲ್ಲ, ಮರ ಹೋಗುತ್ತವೆ ಅಂತ ಮಾತ್ರವೂ ಅಲ್ಲ. ಕುದುರೆಮುಖದಲ್ಲಿ ಈ ಕಂಪನಿ ಅರಣ್ಯ ಷರತ್ತು ಮುರಿದಿದೆ, ಅದರ ಬಾಕಿ ಕಟ್ಟಿಲ್ಲ, ಮೊದಲು ಅದನ್ನು ಕಟ್ಟಲಿ ಅಂತ. ಬಾಕಿ ಕಟ್ಟಿದ ದಿನ ಆ ಕಾರಣ ಬಿದ್ದುಹೋಗುತ್ತದೆ. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇರುವವರೆಗೆ ಇಬ್ಬರ ಜಗಳದಲ್ಲಿ ಗುಡ್ಡ ಉಳಿದೀತು. ಎರಡೂ ಕಡೆ ಒಂದೇ ಪಕ್ಷ ಬಂದರೆ? ಆಗ ಬೇಕಾಗುವುದು ಗುಡ್ಡದ ಕೆಳಗಿನ ಒಂದೊಂದು ಹಳ್ಳಿಯ ಗ್ರಾಮಸಭೆಯಲ್ಲಿ ಬರೆದು, ಹೆಬ್ಬೆಟ್ಟು ಒತ್ತಿ, ಸಹಿ ಹಾಕಿದ ಠರಾವು. ಅದನ್ನು ಬರೆಸಲು ದಿಲ್ಲಿಗೆ ಹೋಗಬೇಕಾಗಿಲ್ಲ, ಸಂಡೂರಿನಿಂದ ಬಸ್ಸು ಹತ್ತಿದರೆ ಸಾಕು. ಪರಿಷತ್ತಿನವರು ಆ ಕೆಲಸವನ್ನು ಕೋರ್ಟಿನ ಅರ್ಜಿಗಿಂತ ಮೊದಲೇ ಮುಗಿಸಿಕೊಂಡರೆ ಈ ಸಲ ಓಟು ಕೇಳಲು ಬರುವವರೂ ಅದನ್ನು ಓದಿಯೇ ಬರಬೇಕಾಗುತ್ತದೆ.